ಗದ್ದದ ಮಟ್ಟ

ನಮ್ಮವ್ವ ನನಗೆ ಅಂಗಿ ಹೊಲಿಸುವಾಗ ಎಂದೂ ಆ ವರ್ಷದ ಮೈಗೆ ಹೊಲಿಸಿದವಳಲ್ಲ. ಬೆಂಗೇರಿಯ ದರ್ಜಿಯ ಮುಂದೆ ನನ್ನನ್ನು ನಿಲ್ಲಿಸಿ, “ಬೆಳಿಯೂ ಮೈ ಐತ್ರಿ, ಮುಂದಿನ ವರ್ಷಕ್ಕೂ ಬರೂಹಂಗ ಹಿಡೀರಿ” ಎನ್ನುವಳು. ಅವನು ಭುಜಕ್ಕೆ ಎರಡು ಬೆರಳು, ತೋಳಿಗೆ ನಾಲ್ಕು ಬೆರಳು ಹೆಚ್ಚಿಗೆ ಬರೆದುಕೊಳ್ಳುವನು. ಹೀಗಾಗಿ ಗೆಳೆಯರೇ, ನನ್ನ ಬಾಲ್ಯವೆಲ್ಲ ನಾನಿನ್ನೂ ಆಗಿರದ ಒಬ್ಬ ಹುಡುಗನ ಅಂಗಿಯೊಳಗೇ ಕಳೆಯಿತು. ಅಂಗಿ ಮೈಗೆ ಸರಿಯಾಗಿ ಕೂಡ್ರುವ ಹೊತ್ತಿಗೆ ಅದರ ಮೊಣಕೈ ಹರಿದಿರುತ್ತಿತ್ತು. ಅಷ್ಟರಲ್ಲಿ ಅದಕ್ಕಿಂತ ದೊಡ್ಡದೊಂದು ಸಿದ್ಧವಾಗಿರುತ್ತಿತ್ತು.

ಅವ್ವನನ್ನು ದೂರುವುದು ನನ್ನ ಉದ್ದೇಶವಲ್ಲ. ಮೈಗೆ ಬಿದ್ದ ಆ ರೂಢಿ ಯಾವಾಗ ಮನಸ್ಸಿಗೆ ಇಳಿಯಿತು ಎಂಬುದಷ್ಟೇ ನನ್ನ ಪ್ರಶ್ನೆ. ಸ್ವರ ಹಿಡಿಯಲು ಬಾರದಾಗಲೇ ಕಛೇರಿಯಲ್ಲಿ ನುಡಿಸುವಂಥ ದೊಡ್ಡ ಹಾರ್ಮೋನಿಯಂ ತಂದೆ. ವರ್ಣಮಾಲೆ ಮುಗಿಯುವ ಮೊದಲೇ ಉರ್ದುವಿನ ದಪ್ಪ ನಿಘಂಟು ಕೊಂಡೆ. ಯಾವುದನ್ನು ಹಿಡಿದರೂ ಅದು ಇವತ್ತಿನ ನನಗಲ್ಲ, ಬರಲಿರುವ ನನಗೆ. ಆ ಬರಲಿರುವವನಾದರೋ ಎಂದೂ ಬರಲಿಲ್ಲ. ಅವನ ಹಾದಿ ಕಾಯುತ್ತ ಒಂದು ಕಡೆ ಕೂತಲ್ಲಿ ಕೂಡ್ರದೆ, ನಿಂತಲ್ಲಿ ನಿಲ್ಲದೆ ತಳಮಳಿಸುವುದೇ ನನ್ನ ಸ್ವಭಾವವಾಯಿತು.

ನನಗಿಂತ ಆರು ವರ್ಷ ದೊಡ್ಡವಳಾದ ಗಿರಿಜಕ್ಕ ಇದಕ್ಕೆ ತೀರ ವಿರುದ್ಧ. ಹುಬ್ಬಳ್ಳಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದ ಅವಳು ಮದುವೆಯಾಗಲಿಲ್ಲ. ಗೋಪನಕೊಪ್ಪದ ಮನೆಯಲ್ಲಿ ಅವ್ವ, ನಾನು, ಅವಳು ಮೂವರೇ. ತನ್ನ ಕುಪ್ಪಸಗಳನ್ನು ತಾನೇ ಹೊಲಿದುಕೊಳ್ಳುತ್ತಿದ್ದಳು, ಅವು ಅವಳಿಗೆ ಸರಿಯಾಗಿಯೇ ಇರುತ್ತಿದ್ದವು.

ತೊಂಬತ್ತರ ದಶಕದ ನಡುವಿನ ಮಾತು. ನಾನು ಧಾರವಾಡದ ಒಂದು ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತಿದ್ದೆ. ಹಿಮನದಿ ಕಣಿವೆಯನ್ನು ಹೇಗೆ ಕೊರೆಯುತ್ತದೆಂದು ಹತ್ತು ವರ್ಷ ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಿಂದ ಬರೆದವನು ಹಿಮವನ್ನೇ ಕಂಡಿರಲಿಲ್ಲ ಎಂಬುದು ಒಂದು ದಿನ ಪಾಠದ ನಡುವೆಯೇ ನನ್ನನ್ನು ಹಿಡಿದು ಅಲುಗಿಸಿತು. ಚಾರಣದ ಗೆಳೆಯನೊಬ್ಬ ಮನಾಲಿಯ ಮೇಲಿನ ಕಣಿವೆಯೊಂದರಲ್ಲಿ ನಡೆಯುವ ಹದಿನಾಲ್ಕು ದಿನಗಳ ಸ್ಕೀ ಶಿಬಿರದ ಅರ್ಜಿ ತಂದುಕೊಟ್ಟ. ನಾನು ತುಂಬುತ್ತ ಕೂತಿದ್ದಾಗ ಅಕ್ಕ ಹಿಂದಿನಿಂದ ಬಗ್ಗಿ ನೋಡಿ, “ಇನ್ನೊಂದು ಅರ್ಜಿ ಸಿಗತೈತೇನು?” ಎಂದಳು. ಆಗ ಅವಳಿಗೆ ಮೂವತ್ತೊಂಬತ್ತು. ಅವ್ವ ಗಾಬರಿಯಾಗಿ, “ಅಲ್ಲೇನು ಗುಡಿ ಐತೇನು? ಯಾ ದೇವರು?” ಎಂದು ಕೇಳಿದಳು. ದೇವರಿಲ್ಲವೆಂದು ತಿಳಿದ ಮೇಲೆ ಅವಳಿಗೆ ಆ ಪ್ರಯಾಣ ಕೊನೆಯವರೆಗೂ ಅರ್ಥವಾಗಲಿಲ್ಲ.

ಶಿಬಿರದ ಮೊದಲ ದಿನ ನಮ್ಮನ್ನು ಸಾಮಾನಿನ ಕೋಣೆಗೆ ಕರೆದೊಯ್ದರು. ಹಿಮದ ಮೇಲೆ ಜಾರಲು ಬೂಟಿಗೆ ಕಟ್ಟಿಕೊಳ್ಳುವ ಸ್ಕೀ ಎಂಬ ಉದ್ದ ಪಟ್ಟಿಗಳು ಗೋಡೆಗೆ ಸಾಲಾಗಿ ಒರಗಿದ್ದವು. ಕೋಣೆಯ ಉಸ್ತುವಾರಿ ಲಾಲಚಂದಜೀ ಎಂಬ ಅಲ್ಲಿಯ ಗುಡ್ಡಗಾಡಿನ ಮುದುಕರದು. ಅವರು ಯಾರಿಗೂ ನೇರವಾಗಿ ಸ್ಕೀ ಕೊಡುತ್ತಿರಲಿಲ್ಲ. ಮೊದಲು ಪಕ್ಕಕ್ಕೆ ನಿಲ್ಲಿಸಿ ಎತ್ತರ ನೋಡುವರು, ತೂಕ ಕೇಳುವರು, ಸ್ಕೀಯ ನಡುವಿಗೆ ಅಂಗೈಯೊತ್ತಿ ಅದು ಎಷ್ಟು ಬಾಗುತ್ತದೆಂದು ಪರೀಕ್ಷಿಸುವರು. ಹಗುರ ಮೈಯವರಿಗೆ ಬಾಗುವ ಸ್ಕೀ, ಭಾರದವರಿಗೆ ಬಿರುಸಾದದ್ದು. ಹೊಸಬರಿಗೆ ಗದ್ದದ ಮಟ್ಟ, ಸ್ವಲ್ಪ ಬಲ್ಲವರಿಗೆ ತಲೆಗಿಂತ ಒಂದು ಗೇಣು ಮೇಲೆ, ನುರಿತವರಿಗೆ ಕೈ ಮೇಲೆತ್ತಿದರೆ ಮಣಿಕಟ್ಟಿನ ಮಟ್ಟ. ಉದ್ದವಾದಷ್ಟೂ ಓಟ ಜಾಸ್ತಿ, ತಿರುಗುವುದು ಕಷ್ಟ. ಕೊನೆಗೆ ಕೇಳುವ ಪ್ರಶ್ನೆಯೊಂದೇ: ಹಿಂದೆ ಎಷ್ಟು ಸಲ ಆಡಿದ್ದೀರಿ?

ಅಕ್ಕ ದೂರದೂರುಗಳ ಟ್ರಂಕ್ ಕಾಲ್ ಜೋಡಿಸುತ್ತ ಪಳಗಿದ ತನ್ನ ಹಿಂದಿಯಲ್ಲಿ, ಹಿಮವನ್ನು ನೋಡಿದ್ದೇ ನಿನ್ನೆ, ಓಡುವುದಕ್ಕಿಂತ ಮೊದಲು ನಿಲ್ಲುವುದನ್ನು ಕಲಿಸಿರಿ ಎಂದಳು. ಮುದುಕರು ನಕ್ಕು ಅವಳ ಗದ್ದಕ್ಕೆ ಬರುವ ಒಂದು ಜೋಡಿ ತೆಗೆದರು. ನನ್ನ ಸರದಿ ಬಂದಿತು. ನನ್ನ ಎತ್ತರ ಐದಡಿ ನಾಲ್ಕಿಂಚು. ನನಗಿಂತ ಮೊದಲೇ ಸ್ಕೀ ಪಡೆದು ಪಕ್ಕಕ್ಕೆ ನಿಂತಿದ್ದ ಪಂಜಾಬಿನ ತರುಣರು ಆರಡಿಯ ಆಳುಗಳು. ಅವರ ಕೈಯಲ್ಲಿ ಭರ್ಜಿಯಂತೆ ಮಿಂಚುವ ಸ್ಕೀಗಳು. ನಾನು, “ಎರಡು ಸಲ ಬಂದಿದ್ದೆ” ಎಂದೆ.

ಏಕೆ ಹಾಗೆಂದೆನೋ ಇವತ್ತಿಗೂ ತಿಳಿಯದು. ಲಾಲಚಂದಜೀ ಮರುಮಾತಿಲ್ಲದೆ ವಹಿಯಲ್ಲಿ ಹಾಗೆಯೇ ಬರೆದುಕೊಂಡು, ತಲೆಗಿಂತ ಒಂದು ಗೇಣು ಹೆಚ್ಚು ಉದ್ದದ ಜೋಡಿಯೊಂದನ್ನು ಕೊಟ್ಟರು. ಬೂಟನ್ನು ಸ್ಕೀಗೆ ಹಿಡಿದಿಡುವ ಕೊಂಡಿಯೊಂದಿರುತ್ತದೆ. ಬಿದ್ದಾಗ ಅದು ತಾನಾಗಿ ಬಿಚ್ಚಿಕೊಂಡು ಕಾಲನ್ನು ಉಳಿಸಬೇಕು. ಹೊಸಬರಿಗೆ ಅದನ್ನು ಸಡಿಲ ಬಿಡುತ್ತಾರೆ, ಬಲ್ಲವರಿಗೆ ಬಿಗಿ ಮಾಡುತ್ತಾರೆ. ನನ್ನ ಎರಡು ಸಲದ ಅನುಭವವನ್ನು ಗೌರವಿಸಿ ಅವರು ತಿರುಪನ್ನು ಎರಡು ಸುತ್ತು ಬಿಗಿದರು. ಅಕ್ಕ ನನ್ನ ಮುಖ ನೋಡಿ, ತನ್ನ ಸ್ಕೀ ಎತ್ತಿಕೊಂಡು ಹೊರಗೆ ನಡೆದಳು.

ಏಳು ದಿನ ಹೇಗೋ ನಡೆಯಿತು. ಅಕ್ಕ ಕಾಲುಗಳನ್ನು ಹಿಂದೆ ಅಗಲಿಸಿ, ಸ್ಕೀಯ ಮೂತಿಗಳನ್ನು ಮುಂದೆ ಕೂಡಿಸಿ, ರಂಗೋಲಿಯ ಎಳೆ ಎಳೆದಂತೆ ಮೆಲ್ಲಗೆ ಇಳಿಯುತ್ತಿದ್ದಳು, ಬೇಕೆಂದಲ್ಲಿ ನಿಲ್ಲುತ್ತಿದ್ದಳು. ನಾನು ನಿಲ್ಲಬೇಕೆಂದರೆ ಬೀಳಬೇಕಿತ್ತು. ಎಂಟನೆಯ ದಿನ ಮಧ್ಯಾಹ್ನ ಬಿಸಿಲಿಗೆ ಹಿಮ ಅಂಬಲಿಯಂತಾಗಿತ್ತು. ಎಡಕ್ಕೆ ತಿರುಗೆಂದು ಶಿಕ್ಷಕರು ಕೂಗಿದರು. ನಾನು ತಿರುಗಿದೆ, ಸ್ಕೀ ತಿರುಗಲಿಲ್ಲ. ಬಲಗಾಲಿನ ಸ್ಕೀಯ ಮೂತಿ ಹಿಮದಲ್ಲಿ ಹೂತಿತು, ಮೈ ಮುಂದೆ ಹೋಯಿತು, ಕೊಂಡಿ ಬಿಚ್ಚಲಿಲ್ಲ. ಮೊಣಕಾಲ ಕೆಳಗೆ ಕಬ್ಬಿನ ಗಳ ಮುರಿದಂಥ ಸದ್ದನ್ನು ನಾನೇ ಕೇಳಿದೆ. ಎಲ್ಲರಿಗಿಂತ ಹಿಂದಿದ್ದ ಅಕ್ಕ ಅವಸರ ಮಾಡದೆ, ಒಂದೊಂದೇ ತಿರುವು ತೆಗೆದುಕೊಂಡು ಬಂದು ನನ್ನ ಪಕ್ಕದಲ್ಲಿ ನಿಂತಳು. ತನ್ನ ಮಫ್ಲರನ್ನು ನನ್ನ ತಲೆಯಡಿ ಇಟ್ಟಳು.

ಕೆಳಗಿನ ಊರಿನ ಆಸ್ಪತ್ರೆಯಲ್ಲಿ ಕಾಲಿಗೆ ಪ್ಲಾಸ್ಟರ್ ಹಾಕಿದರು. ಮೂರನೆಯ ದಿನ ಲಾಲಚಂದಜೀ ಒಂದು ಚೀಲ ಅಕ್ರೋಟು ಹಿಡಿದುಕೊಂಡು ನೋಡಲು ಬಂದರು. ಟೊಪ್ಪಿಗೆ ತೆಗೆದು ಮಂಚದ ಕಾಲ ಬಳಿ ನಿಂತರು. ಮೇಲಿನವರು ಲಿಖಿತ ಉತ್ತರ ಕೇಳಿದ್ದಾರೆ ಎಂದರು. “ತಿರುಪು ಬಿಗಿದವನು ನಾನೇ. ನಿಮ್ಮ ಮಾತಿನ ಮೇಲೆ ಬಿಗಿದೆ, ಆದರೂ ಒಮ್ಮೆ ಹಿಮದ ಮೇಲೆ ನಿಮ್ಮನ್ನು ನೋಡಿ ಕೊಡಬೇಕಿತ್ತು. ತಪ್ಪು ನನ್ನದು” ಎಂದರು.

ಆಗ ಬಾಯಿ ಬಿಡಬೇಕಿತ್ತು. ನಾನು ಕಣ್ಣು ಮುಚ್ಚಿಕೊಂಡು, “ಇರಲಿ ಬಿಡಿ” ಎಂದೆ. ಅಂದರೆ, ಗೆಳೆಯರೇ, ನಾನು ಅವರನ್ನು ಕ್ಷಮಿಸಿದೆ.

ಅವರು ಹೋದ ಮೇಲೆ ಅಕ್ಕ ಬಾಗಿಲು ಮುಂದೆ ಮಾಡಿ ಬಂದಳು. “ನೀ ಎಂದ ಆಡಿದ್ದಿ ಹಿಂದ?” ಎಂದಳು.

“ಆಡಿರಲಿಲ್ಲ.”

“ಗೊತ್ತೈತಿ. ಅವತ್ತ ನಾ ಹೇಳಬೇಕಿತ್ತು. ತಮ್ಮನ ಮಾನ ಹೋಗತೈತಿ ಅಂತ ಸುಮ್ನಾದೆ. ನಿನ್ನ ಕಾಲಾಗ ನಂದೂ ಒಂದು ಪಾಲು ಐತಿ ಅನ್ನು.” ಅಕ್ರೋಟಿನ ಚೀಲವನ್ನು ಮಂಚದ ಕೆಳಗೆ ಸರಿಸಿ, “ಖರೇ ಹೇಳು, ಅವರನ್ನ ನೀ ಹೆಂಗ ಕ್ಷಮಿಸಿದ್ಯೋ?” ಎಂದಳು.

ಮರುದಿನ ಶಿಬಿರದವರೆಲ್ಲ ಗುಡ್ಡದ ತುದಿಗೆ ಹತ್ತಿ ಅಲ್ಲಿಂದ ಜಾರಿ ಬರುವ ದಿನ. ಹದಿನಾಲ್ಕು ದಿನಗಳ ಕಲಿಕೆಯೆಲ್ಲ ಆ ಒಂದು ಇಳಿತಕ್ಕಾಗಿಯೇ ಎಂದು ನಾವು ಮಾತಾಡಿಕೊಂಡಿದ್ದೆವು. ಅಕ್ಕ ಮುಂಜಾನೆಯ ಮೊದಲ ಬಸ್ಸಿಗೆ ಮೇಲೆ ಹೋದಳು. ಅವಳು ಹೋದದ್ದು ತುದಿಗಲ್ಲ, ಆಫೀಸಿಗೆ. ದೊಡ್ಡ ಸಾಹೇಬರು ಬರುವ ತನಕ ಬಾಗಿಲಲ್ಲಿ ಕಾದು, ತನ್ನ ತಮ್ಮ ಸುಳ್ಳು ಹೇಳಿದ್ದನೆಂದು ಲಾಲಚಂದಜೀಯವರ ಎದುರಿನಲ್ಲೇ ತಿಳಿಸಿ, ಹಾಗೆಯೇ ಬರೆದುಕೊಟ್ಟು ಸಹಿ ಮಾಡಿ, ಸಂಜೆಗೆ ತಿರುಗಿ ಬಂದಳು. “ಹೇಳಿ ಬಂದೆ” ಎಂದಷ್ಟೇ ಅಂದು ಅಕ್ರೋಟು ಒಡೆಯುತ್ತ ಕೂತಳು. ಅತ್ತ ಉಳಿದವರೆಲ್ಲ ತುದಿಯಿಂದ ಇಳಿದು ಫೋಟೋ ತೆಗೆಸಿಕೊಂಡಿದ್ದರು.

ಊರಿಗೆ ಬಂದ ಮೇಲೆ ಲಾಲಚಂದಜೀಗೆ ಒಂದು ಕಾಗದ ಬರೆದೆ. ಬರೆದು ಹರಿದವೆಷ್ಟೋ, ಹೋದದ್ದು ಒಂದು. ತಿಂಗಳ ಮೇಲೆ ಅವರಿಂದ ಹಿಂದಿಯಲ್ಲಿ ಬರೆದ ಒಂದು ಕಾರ್ಡು ಬಂದಿತು. ಕ್ಷಮೆಯ ಮಾತಾಗಲಿ ಸಿಟ್ಟಿನ ಮಾತಾಗಲಿ ಅದರಲ್ಲಿರಲಿಲ್ಲ. “ಕಾಲು ಕೂಡಿತೆಂದು ನಂಬಿದ್ದೇನೆ. ಮತ್ತೆ ಬಂದರೆ ನಿಮಗೆ ಗದ್ದದ ಮಟ್ಟ, ತಿರುಪು ಸಡಿಲ” ಎಂದಷ್ಟೇ ಇತ್ತು.

ಕಾಲು ಕೂಡಿತು, ಮನಸ್ಸು ಕೂಡಲಿಲ್ಲ. ನನ್ನಿಂದಾಗಿ ಅಕ್ಕನ ತುದಿ ತಪ್ಪಿತೆಂಬುದು ಬೂಟಿನೊಳಗೆ ಸೇರಿದ ಹರಳಿನಂತೆ ನಡೆದಲ್ಲೆಲ್ಲ ಚುಚ್ಚುತ್ತಿತ್ತು. ಮಾಡಲು ಬೇರೇನೂ ತೋಚದೆ ಸ್ಕೀಗಳ ಬಗ್ಗೆ ಓದತೊಡಗಿದೆ. ಹೊಸ ಶತಮಾನದಲ್ಲಿ ಹುಬ್ಬಳ್ಳಿಗೆ ಸೈಬರ್ ಕೆಫೆಗಳು ಬಂದ ಮೇಲಂತೂ ಕೇಳಬೇಡಿ; ಹೊರಗೆ ಚೈತ್ರದ ಬಿಸಿಲು ಡಾಂಬರನ್ನು ಕರಗಿಸುತ್ತಿದ್ದರೆ, ನಾನೊಬ್ಬ ಒಳಗೆ ಕೂತು ಹಿಮದ ಜಾತಿಗಳನ್ನು ಓದುತ್ತಿದ್ದೆ. ಬೆಳಗಿನ ಗಟ್ಟಿ ಹಿಮ, ಹೊಸದಾಗಿ ಬಿದ್ದ ಹಿಟ್ಟಿನಂಥ ಹಿಮ, ಮಧ್ಯಾಹ್ನದ ಕೆಸರುಹಿಮ, ಇವೆಲ್ಲಕ್ಕೂ ಒಂದೇ ಜೋಡಿಯಲ್ಲಿ ನಡೆಯುವಂಥ, ಇಡೀ ಗುಡ್ಡಕ್ಕೆ ಆಗುವ ಸ್ಕೀಗಳು ಬಂದಿದ್ದವು. ಅವು ಹಿಂದಿನವುಗಳಿಗಿಂತ ಗಿಡ್ಡ, ನಡುವಿನಲ್ಲಿ ಸಣ್ಣ, ತುದಿಗಳಲ್ಲಿ ಅಗಲ. ವಾಲಿದರೆ ಸಾಕು, ತಾವೇ ತಿರುಗುತ್ತವಂತೆ. ಎಂದಾದರೂ ಅಕ್ಕ ಮತ್ತೆ ಹೋದಾಳೆಂದು ಅವಳ ಎತ್ತರ, ತೂಕ, ವಯಸ್ಸು, ಕಲಿಕೆ ಎಲ್ಲವನ್ನೂ ಹಾಕಿ ಲೆಕ್ಕ ತೆಗೆದು, ತುದಿಯಿಂದ ಇಳಿಯಲು ಎಂಥ ಜೋಡಿ ಬೇಕೆಂದು ಒಂದು ಹಾಳೆಯ ಮೇಲೆ ಬರೆದಿಟ್ಟೆ.

ಐವತ್ತಕ್ಕೆ ಬಂದ ವರ್ಷ ಅಕ್ಕ ತಾನಾಗಿಯೇ ಮತ್ತೆ ಹೊರಟಳು. ಆ ಹೊತ್ತಿಗೆ ಅವ್ವ ಇರಲಿಲ್ಲ; ಜನ ತಾವೇ ನಂಬರ್ ಒತ್ತಿ ದೂರದೂರಿಗೆ ಮಾತಾಡುವ ಕಾಲ ಬಂದು, ಅಕ್ಕನನ್ನು ಬಿಲ್ಲು ತುಂಬಿಸಿಕೊಳ್ಳುವ ಕಿಟಕಿಗೆ ಹಾಕಿದ್ದರು. ನಾನೂ ಬರುತ್ತೇನೆ ಎಂದೆ.

“ಬ್ಯಾಡ. ನೀ ಬಂದ್ರ ನಾ ನಿನ್ನ ಕಾಲು ಕಾಯಬೇಕಾಕ್ಕೇತಿ” ಎಂದಳು. ನನ್ನ ಹಾಳೆಯನ್ನು ಮಾತ್ರ ಮಡಚಿ ಚೀಲದಲ್ಲಿಟ್ಟುಕೊಂಡಳು.

ಅವಳಿಲ್ಲದ ಆ ಮೂರು ವಾರ ನಾನು ಮನೆಯಲ್ಲಿ ನಿಲ್ಲಲಿಲ್ಲ. ಉಣಕಲ್ ಕೆರೆಯ ದಂಡೆಗೆ ಹೋಗುವೆ, ಅರ್ಧಕ್ಕೆ ತಿರುಗುವೆ. ಪತ್ರಿಕೆಯಲ್ಲಿ ಉತ್ತರದ ಹವಾಮಾನ ಹುಡುಕುವೆ. ಇವತ್ತು ತುದಿಗೆ ಹತ್ತಿರಬೇಕು, ಇವತ್ತು ಇಳಿದಿರಬೇಕು ಎಂದು ದಿನ ಎಣಿಸುವೆ. ಅವಳು ಇಳಿದರೆ ನನ್ನ ಎದೆಯ ಮೇಲಿನದೂ ಇಳಿಯುತ್ತದೆಂದು ನಾನು ನಂಬಿದ್ದೆ.

ಅವಳು ಬಂದ ದಿನ ಮಧ್ಯಾಹ್ನ ಊಟವಾದ ಮೇಲೆ, ಕಾಲು ನೀಡಿಕೊಂಡು ಅಡಿಗೆಮನೆಯ ಗೋಡೆಗೆ ಒರಗಿ ಕೂತಿದ್ದಳು. ಮುಖ ಬಿಸಿಲಿಗೆ ಕಂದಿತ್ತು. ಸ್ಕೀ ಯಾವುದು ಸಿಕ್ಕಿತೆಂದು ಕೇಳಿದೆ.

“ಅಲ್ಲಿ ಸ್ಕೀ ಬಾಡಿಗಿ ಕೊಡೂ ಅಂಗಡಿಯವ ನಿನ್ನ ಹಾಳಿ ನೋಡಿ ಛಲೋ ಬರದಾರ ಅಂದ. ಆಮ್ಯಾಲ ನನ್ನ ನಿಲ್ಲಿಸಿ ಅಳತಿ ನೋಡಿ ಬ್ಯಾರೇನ ಕೊಟ್ಟ. ಹಗುರ ಇದ್ವು.”

“ತುದಿಯಿಂದ ಇಳಿದೀ?”

“ಇಲ್ಲ.”

“ಯಾಕ? ಹವಾ ಕೆಟ್ಟಿತ್ತೇನು?”

“ಹವಾ ಛಲೋ ಇತ್ತು. ಮಂದಿ ಹೋದ್ರು, ನಾ ಹೋಗಲಿಲ್ಲ.”

ನನಗೆ ತಡೆಯಲಾಗಲಿಲ್ಲ. ಆ ವರ್ಷ ನನ್ನ ದೆಸೆಯಿಂದ ನಿನಗೆ ತುದಿ ತಪ್ಪಿತು, ಇಷ್ಟು ವರ್ಷ ಅದೇ ನನ್ನನ್ನು ತಿನ್ನುತ್ತಿದೆ, ಈಗಲೂ ಹೋಗದಿದ್ದರೆ ಹೇಗೆ ಎಂದು ಒಂದೇ ಉಸಿರಿನಲ್ಲಿ ಹೇಳಿಬಿಟ್ಟೆ. ಅಕ್ಕ ನಿಜಕ್ಕೂ ಬೆರಗಾಗಿ ನನ್ನನ್ನು ನೋಡಿದಳು.

“ನನಗ ತುದಿ ಬೇಕು ಅಂತ ನಾ ಎಂದರ ಅಂದಿದ್ನೇನೋ?”

ಅಂದಿರಲಿಲ್ಲ. ಎಷ್ಟು ಹಿಂದಕ್ಕೆ ಹೋಗಿ ಹುಡುಕಿದರೂ ಅವಳ ಬಾಯಲ್ಲಿ ಆ ಮಾತಿರಲಿಲ್ಲ. ಹಾಗಾದರೆ ಯಾಕೆ ಹೋದೆ, ಎರಡೆರಡು ಸಲ, ಎಂದು ಕೇಳಿದೆ. ಕೇಳಿದಾಗಲೇ ಹೊಳೆಯಿತು, ಆ ಪ್ರಶ್ನೆಯನ್ನು ಅವಳಿಗೆ ಯಾರೂ ಕೇಳಿಯೇ ಇರಲಿಲ್ಲ. ದೇವರಿಗಾಗಿ ಅಲ್ಲವೆಂದು ತಿಳಿದು ಅವ್ವನೂ ಬಿಟ್ಟಳು, ನನಗಾಗಿಯೇ ಎಂದುಕೊಂಡು ನಾನೂ ಬಿಟ್ಟೆ.

“ನಾ ಎಕ್ಸ್‌ಚೇಂಜಿನ ಬೋರ್ಡಿನ ಮ್ಯಾಲ ಕಾಲ್ ಜೋಡಸ್ತಿದ್ದಾಗಿನ ಮಾತು,” ಎಂದಳು ಅಕ್ಕ. “ಒಮ್ಮೆ ಶಿಮ್ಲಾಕ್ಕ ಕಾಲ್ ಇತ್ತು. ಆ ಕಡೆ ಮಾತಾಡಬೇಕಾದವ್ರು ಬರೂದು ತಡಾ ಆತು, ಲೈನು ಹಂಗ ಹಿಡಕೊಂಡು ಕೂತಿದ್ವಿ. ಅಲ್ಲಿ ಆಪರೇಟರ್ ಅಕ್ಕಾರು ಅಂದ್ರು, ಹಿಮ ಬೀಳಾಕತ್ತೈತಿ, ಕಿಟಕಿ ತಗೀತೇನಿ, ಕೇಳ್ರಿ ಅಂತ. ನಾ ಕಿವಿಗೊಟ್ಟು ಕೇಳಿದೆ. ಏನೂ ಕೇಳಿಸಲಿಲ್ಲ. ದಿನಾ ಎಂಟು ತಾಸು ಹಲೋ ಹಲೋ ಅಂತ ಮಂದಿ ಒದರೂದನ್ನ ಕೇಳೂ ಕಿವಿ ಅದು. ಅಷ್ಟು ಶಾಂತ ನಾ ಎಂದೂ ಕೇಳಿರಲಿಲ್ಲ.”

ಕೆಳಗಿನ ಇಳುಕಲಿನ ಬದಿಗೆ ದೇವದಾರು ಮರಗಳಿವೆಯಂತೆ. ನಾಲ್ಕು ಮಾರು ಜಾರುವುದು, ಕಿವಿಗೊಟ್ಟು ನಿಲ್ಲುವುದು, ಮತ್ತೆ ನಾಲ್ಕು ಮಾರು. ಹತ್ತು ದಿನವೂ ಅವಳು ಮಾಡಿದ್ದು ಅದನ್ನೇ.

“ನಿಲ್ಲಾಕ ಅಷ್ಟ ಹೋದ್ರ ಸ್ಕೀ ಯಾಕ?” ಎಂದೆ.

“ಸುಮ್ನ ನಿಂತ್ರ ಮಂದಿ ಬಂದು ಏನಾತ್ರಿ ಅಂತ ಕೇಳ್ತಾರ. ಕಾಲಾಗ ಸ್ಕೀ ಇದ್ರ ಯಾರೂ ಕೇಳೂದಿಲ್ಲ.”

ನಾನು ಮತ್ತೇನೋ ಹೇಳಲು ಬಾಯಿ ತೆರೆದೆ. ಅಕ್ಕ ಅಂಗೈ ಎತ್ತಿ ತಡೆದಳು. ಹೊರಗೆ ಸಿಟಿಬಸ್ಸೊಂದು ಹಾದು ಹೋಯಿತು. ಅದರ ಸದ್ದು ಅಡಗಿದ ಮೇಲೆ ಇಬ್ಬರೂ ಸುಮ್ಮನೆ ಕೂತೆವು. ಅವಳು ಹಾಗೆಯೇ ಸಂಜೆಯ ತನಕ ಇರಬಲ್ಲವಳು. ನನಗೆ ಸಾಧ್ಯವಾದದ್ದು ಎರಡು ನಿಮಿಷ. ಈ ಸಲ ಹೆಚ್ಚಿಗೆ ಹೇಳದೆ, ಎರಡೇ ಎಂದು ಒಪ್ಪಿಕೊಂಡೇ ಎದ್ದೆ.