ಕಾಣಿಯೂರಿನ ಬಸ್ಸಿಗೆ ಬಾಡಿ ಕಟ್ಟಿಸಿದ್ದು

ನಮ್ಮ ಚಾಸಿಯನ್ನು ಶೆಡ್ಡಿನ ಹೊರಗೆ ಮಳೆಗೆ ಬಿಟ್ಟು, ನಮ್ಮ ಹಿಂದೆ ಬಂದವರ ಬಸ್ಸುಗಳಿಗೆ ಬಾಡಿ ಕಟ್ಟಿಕೊಟ್ಟರು. ಅನ್ಯಾಯ ಇಷ್ಟೇ. ಆದರೆ ಅದನ್ನು ಮಾಡಿದ್ದು ನನ್ನ ಅಕ್ಕನಿಗೆ. ಎಪ್ಪತ್ತರ ದಶಕದ ಕೊನೆಯ ಆ ಮಳೆಗಾಲವನ್ನು ನಾನು ಮರೆತಿಲ್ಲ.

ಕಾಣಿಯೂರಿನಿಂದ ಪುತ್ತೂರಿಗೆ ಬೆಳಗಿನ ಬಸ್ಸು ಓಡಿಸಲು ಭಾವ ಪರ್ಮಿಟ್ ಪಡೆದು, ಎಂಜಿನ್ನು, ಗಾಲಿಗಳಷ್ಟೇ ಇರುವ ಚಾಸಿ ಕೊಂಡು, ಪುತ್ತೂರಿನ ಒಂದು ಶೆಡ್ಡಿಗೆ ಬಾಡಿ ಕಟ್ಟಲು ಒಪ್ಪಿಸಿದ್ದರು. ಆಮೇಲೆ ಅವರು ಹೆಚ್ಚು ದಿನ ಬದುಕಲಿಲ್ಲ. ಪರ್ಮಿಟ್ ಅಕ್ಕನ ಹೆಸರಿಗೆ ಬಂತು, ಒಂದು ಷರತ್ತಿನ ಮೇಲೆ: ದೀಪಾವಳಿಯ ಒಳಗೆ ಬಸ್ಸನ್ನು ಅಧಿಕಾರಿಗಳ ಎದುರು ನಿಲ್ಲಿಸಬೇಕು, ತಪ್ಪಿದರೆ ಆ ದಾರಿ ಬೇರೆಯವರ ಪಾಲು.

ಮಳೆಗಾಲ ಮುಗಿಯುತ್ತಾ ಬಂದರೂ ಕೆಲಸ ಮುಂದುವರಿಯದಾಗ ಕೇಳಲು ಅಕ್ಕನ ಜೊತೆ ನಾನೂ ಹೋದೆ. ಶೆಡ್ಡಿನ ಧಣಿ ನನಗೆ ಕುರ್ಚಿ ಕೊಟ್ಟರು. ಅಕ್ಕನನ್ನು ನಿಲ್ಲಿಸಿಯೇ ಮಾತನಾಡಿದರು. ಚಹಾ ಒಂದೇ ಲೋಟ ಬಂತು.

"ಗಂಡಸರು ಬಂದಿದ್ದಾರಲ್ಲ, ಇವರ ಹತ್ತಿರ ಹೇಳ್ತೇನೆ," ಎಂದರು.

"ಹೇಳಿ. ಆದರೆ ಬಸ್ಸು ನನ್ನದು," ಎಂದಳು ಅಕ್ಕ.

ಅಷ್ಟರಲ್ಲಿ ಸುಳ್ಯದ ಬಸ್ಸು ಮಾಲೀಕರೊಬ್ಬರು ಜೀಪಿನಿಂದ ಇಳಿದರು. ಅಂದಷ್ಟೇ ನಮ್ಮ ಚಾಸಿಗೆ ಕೈ ಹಚ್ಚಿ ಮರದ ಚೌಕಟ್ಟು ಕೂರಿಸುತ್ತಿದ್ದ ಬಡಗಿ ಆಚಾರಿಗಳು ನಮ್ಮ ಕಣ್ಣೆದುರೇ ಅವರ ಬಸ್ಸಿಗೆ ಹೋದರು.

ಅಂದು ಪುತ್ತೂರಿನ ನನ್ನ ಮನೆಯಲ್ಲಿ ಭಾವನ ತಮ್ಮಂದಿರು ಸೇರಿದರು. "ಆರ್ಡರ್ ರದ್ದು ಮಾಡುದೇ ಒಳ್ಳೆದು ಅತ್ತಿಗೆ. ಚಾಸಿಯನ್ನು ಮಂಗಳೂರಿಗೆ ಕೊಂಡು ಹೋಗುವ." ನನ್ನ ಅಭಿಪ್ರಾಯವೂ ಅದೇ ಆಗಿತ್ತು.

"ಮಂಗಳೂರಿನಲ್ಲಿ ನಮ್ಮನ್ನು ಎಂತ ಕಾದು ಕೂತಿದ್ದಾರಾ ಮಾರಾಯ್ರೆ? ಅಲ್ಲಿಯೂ ಸಾಲು ಉಂಟು, ಅದರಲ್ಲಿ ನಾವು ಕೊನೆಗೆ. ರದ್ದು ಮಾಡಿದ ಮರ್ಯಾದೆ ಮಾತ್ರ ನಮಗೆ. ದೀಪಾವಳಿ ಯಾರಿಗೂ ಕಾಯುದಿಲ್ಲ," ಎಂದಳು ಅಕ್ಕ.

ನಾನು ಕುರ್ಚಿಯಲ್ಲಿ ಕುಳಿತು ಕಾಣದ್ದನ್ನು ಅವಳು ನಿಂತಲ್ಲಿಂದ ಕಂಡಿದ್ದಳು. ಆಚಾರಿಗಳು ಕಡಬದ ಕಡೆಯವರು. ಮಧ್ಯಾಹ್ನ ಒಣ ಅವಲಕ್ಕಿ ತಿಂದು ನೀರು ಕುಡಿಯುತ್ತಿದ್ದರು. ನಮ್ಮ ಕಡೆ ಕೆಲಸ ಮಾಡಿಸುವವರು ಆಳುಗಳಿಗೆ ಗಂಜಿ ಬಡಿಸಬೇಕು. ಒಬ್ಬರ ಮನೆಯ ಗಂಜಿ ಉಂಡವನು ಆ ದಿನ ಇನ್ನೊಬ್ಬರ ಕೆಲಸಕ್ಕೆ ಕೈ ಹಾಕುವುದಿಲ್ಲ. ಇದನ್ನು ಯಾರೂ ಯಾರಿಗೂ ಕಲಿಸಬೇಕಾಗಿರಲಿಲ್ಲ.

ಮರುದಿನ ಅಕ್ಕ ನನ್ನ ಮನೆಯ ದೊಡ್ಡ ಪಾತ್ರೆಯಲ್ಲಿ ಕುಚ್ಚಲಕ್ಕಿ ಗಂಜಿ ಬೇಯಿಸಿ, ಹುರುಳಿ ಚಟ್ನಿ, ಸುಟ್ಟ ಒಣಮೀನಿನೊಂದಿಗೆ ಶೆಡ್ಡಿಗೆ ತಂದಳು. ನಮ್ಮ ಚಾಸಿಯ ಪಕ್ಕದಲ್ಲೇ ಬಟ್ಟಲು ಇಟ್ಟು ಬಡಿಸಿದಳು. ಊಟ ಮುಗಿಯುತ್ತಿದ್ದಂತೆ ಧಣಿ ಕೂಗಿದರು: "ಏಯ್, ಸುಳ್ಯದ ಬಸ್ಸಿಗೆ ಬನ್ನಿ!"

ಹಿರಿಯ ಆಚಾರಿ ಕೈ ಒರೆಸಿಕೊಂಡರು. "ಈ ಅಮ್ಮನ ಗಂಜಿ ಉಂಡಾಯ್ತಲ್ಲ ಧಣಿ."

"ಸಂಬಳ ಕೊಡುದು ನಾನಲ್ವಾ?"

"ಅದು ಸಂಜೆಗಲ್ವಾ!"

ಉಳಿದವರು ಚೌಕಟ್ಟಿನ ಮರೆಯಲ್ಲಿ ನಕ್ಕರು. ಧಣಿ ಅಕ್ಕನ ಕಡೆ ತಿರುಗಿದರು. "ಇದು ನಿಮ್ಮ ತೋಟ ಅಲ್ಲ ಅಮ್ಮ."

"ತೋಟ ಆಗಿದ್ದರೆ ಇಷ್ಟು ಹೊತ್ತಿಗೆ ಕೊಯ್ಲು ಮುಗಿದಿರ್ತಿತ್ತು," ಎಂದು ಅಕ್ಕ ಪಾತ್ರೆ ಎತ್ತಿಕೊಂಡಳು.

ಮಧ್ಯಾಹ್ನದ ಗಂಜಿಯಿಂದ ಅರ್ಧ ದಿನವಷ್ಟೇ ದಕ್ಕುತ್ತದೆಂದು ತಿಳಿದು, ಮಾರನೆಯ ದಿನದಿಂದ ಬೆಳಿಗ್ಗೆ ಕೆಲಸ ಶುರುವಾಗುವ ಮೊದಲೇ ಬಡಿಸಿದಳು. ಜಗಳವಾಡಲಿಲ್ಲ, ಕಣ್ಣೀರು ಹಾಕಲಿಲ್ಲ, ದೊಡ್ಡವರ ಶಿಫಾರಸು ಹುಡುಕಲಿಲ್ಲ. ಚೌಕಟ್ಟು ನಿಂತಿತು, ತಗಡು ಹೊದೆಯಿತು, ಸೀಟುಗಳು ಕೂತವು. ದೀಪಾವಳಿಗೆ ಮೊದಲೇ ಅಧಿಕಾರಿಗಳು ಬಸ್ಸನ್ನು ಸುತ್ತಿ ನೋಡಿ ಸಹಿ ಹಾಕಿದರು. ಅಷ್ಟು ಚೆಂದದ ಬಸ್ಸು ಆ ದಾರಿಯಲ್ಲಿ ಮತ್ತೆ ಬಂದದ್ದನ್ನು ನಾನು ಕಾಣೆ. ಅಂಥ ಹೆಂಗಸನ್ನಂತೂ ಕಂಡಿಲ್ಲ.

ಧಣಿ ಮಾತ್ರ ಬಸ್ಸಿನ ಹಿಂಬದಿಯಲ್ಲಿ ಶೆಡ್ಡಿನ ಹೆಸರು ದೊಡ್ಡದಾಗಿ ಬರೆಸಿ, ಹೊಸ ಗಿರಾಕಿಗಳಿಗೆ "ನಮ್ಮಲ್ಲಿ ಕೆಲಸ ಹಿಡಿದರೆ ಮೂರೇ ವಾರ" ಎಂದು ತೋರಿಸುತ್ತಿದ್ದರಂತೆ. ಹಾಗಾದರೆ ಧಣಿಗಳೇ, ಮೂರು ವಾರದ ಆ ಕೆಲಸಕ್ಕಾಗಿ, ಗಂಡ ಸತ್ತು ವರ್ಷ ತುಂಬದ ಹೆಂಗಸನ್ನು ಇಡೀ ಮಳೆಗಾಲ ನಿಮ್ಮ ಬಾಗಿಲಲ್ಲಿ ನಿಲ್ಲಿಸಿದ್ದು ಯಾಕೆ?