ರಾಮಕ್ಕ ಕೇಳಿದ ಶೀಟು

‘ಟೀಚರಮ್ಮಾ, ಶೀಟೆಲ್ಲಾ ಹೋದ್ವು. ಇದ್ರೆ ಬೇಗ ಕಳ್ಸಮ್ಮಾ!’

ಫೋನಿನಲ್ಲಿ ಕೇಳಿಸಿದ್ದು ಇಷ್ಟೇ. ಆಮೇಲೆ ಬರೀ ಗಾಳಿಯ ಸದ್ದು. ಆಮೇಲೆ ಅದೂ ಇಲ್ಲ.

ಮಾತಾಡಿದ್ದು ರಾಮಕ್ಕ. ಕೋಲಾರದ ಬೆಟ್ಟದ ಮೇಲಿನ ಪುಟ್ಟ ಊರಿನಿಂದ ದಿನಾ ಇಳಿದು ಬಂದು ನಮ್ಮ ಬೀದಿಯಲ್ಲಿ ಸೊಪ್ಪು ಮಾರುವವಳು. ಬಂಗಾಳ ಕೊಲ್ಲಿಯಲ್ಲಿ ಎದ್ದ ಚಂಡಮಾರುತ ಆಂಧ್ರ ದಾಟಿ ನಮ್ಮ ಕಡೆಗೂ ಬಂದಿತ್ತು. ಪೇಟೆಯಲ್ಲಿ ಎರಡು ದಿನ ಕರೆಂಟ್ ಇರಲಿಲ್ಲ (ಅದನ್ನೇ ಮಹಾ ಅನಾಹುತವೆಂದು ನೆಂಟರಿಗೆಲ್ಲ ಹೇಳಿಕೊಂಡೆವು). ಬೆಟ್ಟದ ಮೇಲೆ ಏನಾಗಿದೆಯೆಂದು ಯಾರು ಯೋಚಿಸಿದ್ದರು?

ಪಾಪ, ಹಾಸಿಗೆ ಹೊದಿಕೆಯೆಲ್ಲ ನೆನೆದು ಹೋಗಿರಬೇಕು ಅಂದುಕೊಂಡೆ. ಅವಳ ಸೊಸೆ ಬೇರೆ ಬಾಣಂತಿ, ಹನ್ನೆರಡು ದಿನದ ಕೂಸು. ತಕ್ಷಣ ಬೀದಿಯ ವಾಟ್ಸಾಪ್ ಗ್ರೂಪಿಗೆ ಹಾಕಿದೆ: ‘ರಾಮಕ್ಕನ ಊರಿಗೆ ಅರ್ಜೆಂಟಾಗಿ ಬೆಡ್‌ಶೀಟ್ ಬೇಕು.’

ನಮ್ಮ ಬೀದಿ ಎದ್ದು ನಿಂತಿತು! ಚೆಕ್ಸು, ಹೂವು, ನವಿಲು, ಮದುವೆಯಲ್ಲಿ ಬಂದು ಪ್ಯಾಕೆಟ್ಟೇ ಒಡೆಯದ ಗುಲಾಬಿ ಬಣ್ಣದ ಡಬಲ್ಲು. ‘ದಿಂಬಿನ ಕವರೂ ಕೊಡಬೇಕಾ?’ ಎಂದು ಒಬ್ಬರು ಕೇಳಿದರು. ಅದರ ಮೇಲೆ ಅರ್ಧ ಗಂಟೆ ಚರ್ಚೆಯಾಯಿತು.

ಮರುದಿನ ಬೆಳಿಗ್ಗೆ ನಾನು, ಪಕ್ಕದ ಮನೆಯ ರಿಟೈರ್ಡ್ ಗುಮಾಸ್ತ ಶಿವಣ್ಣ, ಆರು ಗಂಟುಗಳು ಆಟೋದಲ್ಲಿ ಹೊರಟೆವು. ಅರ್ಧ ದಾರಿಯಲ್ಲಿ ಬಂಡೆ ಉರುಳಿ ರಸ್ತೆ ಮುಚ್ಚಿತ್ತು. ಊರಿನವರು ಹಾರೆ ಹಿಡಿದು ಅದನ್ನು ಸರಿಸುತ್ತಿದ್ದರು. ನಮ್ಮನ್ನು ಕಂಡಿದ್ದೇ ಕೆಲಸ ಬಿಟ್ಟು, ಗಂಟುಗಳನ್ನು ತಲೆಯ ಮೇಲಿಟ್ಟುಕೊಂಡು ಮೇಲಕ್ಕೆ ನಡೆದರು. ‘ಶೀಟು ಇಷ್ಟು ಹಗುರಾನಾ?’ ಎಂದು ಒಬ್ಬ ಕೇಳಿದ. ನನಗೆ ಆಗಲೂ ಹೊಳೆಯಲಿಲ್ಲ.

ಊರು ಸೇರಿದಾಗ ಹೊಳೆಯಿತು. ಅರ್ಧಕ್ಕರ್ಧ ಮನೆಗಳಿಗೆ ಗೋಡೆಯಿತ್ತು, ಸೂರಿರಲಿಲ್ಲ. ತಗಡಿನ ಶೀಟುಗಳು ಹಾರಿಹೋಗಿ ಕಣಿವೆಯಲ್ಲಿ ಮುದ್ದೆಯಾಗಿ ಬಿದ್ದಿದ್ದವು.

ರಾಮಕ್ಕ ಗಂಟು ಬಿಚ್ಚಿದಳು. ಗುಲಾಬಿ ಬಣ್ಣದ ಡಬಲ್ಲು ಹೊರಬಂತು. ಅವಳು ಅದನ್ನು ನೋಡಿದಳು. ಸೂರಿಲ್ಲದ ತನ್ನ ಮನೆಯನ್ನು ನೋಡಿದಳು. ನನ್ನನ್ನು ನೋಡಿದಳು.

‘ಅಮ್ಮಾ, ಇದನ್ನ ಮನೆಗೆ ಹೊದಿಸ್ಬೇಕಾ?’

ಹಿಂದಿನಿಂದ ಯಾರೋ ತೆಲುಗಿನಲ್ಲಿ ಕೂಗಿದರು: ‘ಮಂಚಂ ಮೀದ ವೇಸೇ ಶೀಟ್ಲಂಟ!’ ಮಂಚದ ಮೇಲೆ ಹಾಸೋ ಶೀಟುಗಳಂತೆ! ಇಡೀ ಊರು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಮನೆ ಕಳೆದುಕೊಂಡವರೇ ಜಾಸ್ತಿ ನಕ್ಕರು. ನಾನು ಎಲ್ಲಿ ಮುಖ ಮುಚ್ಚಿಕೊಳ್ಳಲಿ? (ಮುಚ್ಚಿಕೊಳ್ಳಲು ಆರು ಗಂಟು ಶೀಟು ಇತ್ತು, ನಿಜ.)

ಅಷ್ಟರಲ್ಲಿ ಮೂಡಣದಲ್ಲಿ ಮತ್ತೆ ಮೋಡ ಕಟ್ಟಿತು. ನಗು ನಿಂತಿತು. ಬಾಣಂತಿ ಯಾರದೋ ಅಡುಗೆಮನೆಯಲ್ಲಿ ಎಂಟು ಜನರ ನಡುವೆ ಮುದುರಿ ಕೂತಿದ್ದಳು. ಕೂಸಿಗೆ ಕೆಮ್ಮು ಹತ್ತಿತ್ತು.

ಊರಂಚಿನ ಹೆಬ್ಬಂಡೆಯ ಮರೆಯಲ್ಲಿ ಇದ್ದುದರಿಂದ ಮುನಿಸ್ವಾಮಪ್ಪ ಎಂಬ ಮುದುಕನ ಮನೆಗೆ ಏನೂ ಆಗಿರಲಿಲ್ಲ. ಎಪ್ಪತ್ತು ದಾಟಿದ ಆತ ಏಣಿ ತಂದ. ಸ್ಪ್ಯಾನರ್ ಹಿಡಿದು ತನ್ನದೇ ಸೂರು ಹತ್ತಿ ಬೋಲ್ಟು ಬಿಚ್ಚತೊಡಗಿದ.

ಹೆಂಡತಿ ಓಡಿ ಬಂದಳು. ‘ಏನಯ್ಯಾ, ಗಾಳೀನೇ ಬಿಟ್ಟೋಗಿರೋದನ್ನ ನೀನು ಬಿಚ್ತಿದ್ದೀಯಾ? ತಲೆ ನೆಟ್ಟಗಿದೆಯಾ?’

‘ಒಲೆ ಮೇಲಿಂದು ಇರ್ಲಿ ಕಣೇ. ನಾವಿಬ್ರು ಅಲ್ಲೇ ಮಲಗೋಣ. ಆ ಕೂಸಿಗೆ ನಾಲ್ಕು ಶೀಟು ಸಾಕು.’

ಆಕೆ ಬೈದಳು. ಬೈಯುತ್ತಲೇ ಏಣಿಯ ಬುಡ ಹಿಡಿದುಕೊಂಡಳು.

ಆಮೇಲೆ ಶುರುವಾಯಿತು ನೋಡಿ! ಸೂರು ಉಳಿದವರೆಲ್ಲ ತಮ್ಮ ತಮ್ಮ ಸೂರು ಹತ್ತಿದರು. ‘ಲೇ, ನಿಂದು ತುಕ್ಕು ಹಿಡ್ದದೆ, ನಮ್ದು ತಗೊಂಡೋಗ್ಲಿ!’ ಎಂದು ಇಬ್ಬರು ಅಣ್ಣತಮ್ಮಂದಿರು ಜಗಳಕ್ಕೇ ನಿಂತರು. ಹೊರಗಿನವರು ಯಾರಾದರೂ ಆ ಹೊತ್ತಿಗೆ ಬಂದಿದ್ದರೆ, ಚಂಡಮಾರುತ ಬಿಟ್ಟ ಕೆಲಸವನ್ನು ಈ ಜನ ಮುಗಿಸುತ್ತಿದ್ದಾರೆ ಎಂದೇ ಹೇಳುತ್ತಿದ್ದರು. ಶಿವಣ್ಣ ಪ್ಯಾಂಟು ಮಡಚಿಕೊಂಡು ಶೀಟು ಹೊರಲು ಹೋದರು. ಕೋಲಾರದಲ್ಲಿ ಅವರು ಹಾಲಿನ ಪ್ಯಾಕೆಟ್ ತರುವುದಕ್ಕೂ ಸೊಂಟ ನೋವು ಅನ್ನುವವರು.

ಮಳೆ ಬಂತು. ಪ್ರತಿ ಮನೆಗೂ ಅರ್ಧ ಸೂರಿತ್ತು, ಇನ್ನರ್ಧದಲ್ಲಿ ಸೋರುತ್ತಿತ್ತು. ರಾಮಕ್ಕನ ಮನೆಯ ಒಣಗಿದ ಮೂಲೆಯಲ್ಲಿ ನಮ್ಮ ಗುಲಾಬಿ ಡಬಲ್ಲು ಜೋಲಿಯಾಗಿ ತೂಗುತ್ತಿತ್ತು. ಒಳಗೆ ಕೂಸು ನಿದ್ದೆ ಹೋಗಿತ್ತು. ಮುನಿಸ್ವಾಮಪ್ಪನ ಹೆಂಡತಿ ನನಗೆ ಬಿಸಿ ಮುದ್ದೆ, ಹುರುಳಿ ಸಾರು ಕೊಟ್ಟು, ‘ನೆನ್ದಿದ್ದೀಯ, ಹೊದ್ಕೊಮ್ಮಾ’ ಎಂದು ನಾನೇ ತಂದ ನವಿಲಿನ ಬೆಡ್‌ಶೀಟನ್ನು ಹೊದಿಸಿದಳು. ಸಂತ್ರಸ್ತರಿಗೆ ನೆರವು ಅನ್ನುತ್ತಾರಲ್ಲ, ಆ ದಿನ ಸಂತ್ರಸ್ತೆ ನಾನೇ.

ವಾರದಲ್ಲಿ ರಸ್ತೆ ತೆರವಾಯಿತು, ನಮ್ಮ ಬೀದಿಯಿಂದ ತಗಡಿನ ಶೀಟುಗಳೂ ಹೋದವು. ಕೂಸಿನ ಕೆಮ್ಮು ವಾಸಿಯಾಗಿದೆ.

ನಾನು ಮಾತ್ರ ಆಗಾಗ ತಲೆಯೆತ್ತಿ ನಮ್ಮ ಮನೆಯ ಸೂರು ನೋಡುತ್ತೇನೆ. ಗಟ್ಟಿ ಆರ್‌ಸಿಸಿ, ಯಾವ ಗಾಳಿಗೂ ಜಗ್ಗುವುದಿಲ್ಲ. ಆದರೆ ಪಕ್ಕದ ಮನೆಯವರಿಗೆ ಬೇಕಾದರೆ ಇದನ್ನು ಬಿಚ್ಚಿ ಕೊಡುವುದು ಹೇಗೆ?