ಹೂಗ್ಯಂನ ಗೌರಿಯ ಮುಂಗಾಲು

ಕುದುರೆಯ ಗೊರಸು ಕಲ್ಲಿದ್ದ ಹಾಗೆ, ಅದಕ್ಕೆ ನೋವು ತಿಳಿಯುವುದಿಲ್ಲ ಎಂದು ನಮ್ಮ ಕಡೆ ಯಾರನ್ನು ಕೇಳಿದರೂ ಹೇಳುತ್ತಾರೆ. ಮೊಳೆ ಹೊಡೆದರೂ ಸುಮ್ಮನಿರುತ್ತದಲ್ಲ, ಅದೇ ಸಾಕ್ಷಿಯಂತೆ. ಚರ್ಚಾಸ್ಪರ್ಧೆಯಲ್ಲಿ ಎದುರು ಪಕ್ಷದವರು ಹೀಗೆಂದಿದ್ದರೆ ನಾನು ಒಂದೇ ಮಾತು ಕೇಳುತ್ತಿದ್ದೆ: ಕಲ್ಲು ಕುಂಟುತ್ತದೆಯೇ? ಹೂಗ್ಯಂನಲ್ಲಿ ಗೌರಿ ಎಂಬ ಹೆಣ್ಣು ಕುದುರೆ ಕುಂಟುತ್ತಿತ್ತು. ಅಗರದ ನನ್ನ ಸೋದರಮಾವ ದನದ ಡಾಕ್ಟರು. ಅದನ್ನು ನೋಡಲು ಅವರು ಹೊರಟಾಗ ನಾನೂ ಬೆನ್ನು ಹತ್ತಿದೆ.

ಭಾನುವಾರ ಬೆಳಿಗ್ಗೆ ಕೊಳ್ಳೇಗಾಲದಲ್ಲಿ ಬಸ್ಸು ಹತ್ತಿದೆವು. ಕಂಡಕ್ಟರು ನನ್ನ ಆಧಾರ್ ನೋಡಿ ಸೊನ್ನೆ ರೂಪಾಯಿಯ ಟಿಕೆಟ್ಟು ಕೊಟ್ಟರು, ಮಾವನಿಗೆ ದುಡ್ಡಿನದು.

"ಬಾಯ್ಗೂ ಟಿಕೆಟ್ ಇದ್ದಿದ್ರೆ ನಿಂಗೇ ಜಾಸ್ತಿ ಬೀಳೋದು ಕಣಮ್ಮಿ. ಅಲ್ಲಿ ಬಂದು ವಾದ ಮಾಡ್ಬೇಡ," ಎಂದರು ಮಾವ.

ಹನೂರಿನಲ್ಲಿ ಇಡ್ಲಿ ತಿಂದು, ಮುಂದಿನ ಬಸ್ಸಿಗಾಗಿ ಬಿಸಿಲಲ್ಲಿ ಬಹಳ ಹೊತ್ತು ನಿಂತೆವು. ಆಮೇಲಿನ ದಾರಿಯಲ್ಲಿ ಮುಸುಕಿನ ಜೋಳದ ಹೊಲಗಳು ಮುಗಿದಲ್ಲೆಲ್ಲ ಕಾಡು. ಬಸ್ಸಿನೊಳಗೆ ಅರ್ಧ ಮಾತು ಕನ್ನಡ, ಅರ್ಧ ತಮಿಳು.

ಕುದುರೆಯ ಯಜಮಾನ ಮಾದಪ್ಪ ಸ್ಟಾಪಿನಲ್ಲೇ ಕಾಯುತ್ತಿದ್ದರು. ಬೆಟ್ಟದ ಮೇಲಿನ ದೊಡ್ಡಿಗಳೆಂಬ ಪುಟ್ಟ ಹಳ್ಳಿಗಳಿಗೆ ಗಾಡಿ ಹೋಗುವುದಿಲ್ಲ. ಅಕ್ಕಿ, ಎಣ್ಣೆ, ಸಿಮೆಂಟು ಎಲ್ಲವನ್ನೂ ಗೌರಿಯೇ ಹೊರಬೇಕು. ಈಗ ಅವಳು ಹುಣಸೆಮರದ ಕೆಳಗೆ ಬಲ ಮುಂಗಾಲನ್ನು ತುದಿಯ ಮೇಲಷ್ಟೇ ಊರಿ ನಿಂತಿದ್ದಳು.

"ಕೊಟ್ಬುಡು ಅಂತಾರೆ ಸಾ ಎಲ್ರೂವೆ," ಎಂದರು ಮಾದಪ್ಪ. "ಕುಂಟು ಕುದ್ರೇನ ತಕಂಡೋರು ಏನ್ ಮಾಡ್ತಾರೆ ಅಂತ ನಂಗೊತ್ತಿಲ್ವಾ? ಇವ್ಳು ಇನ್ನೊಂದ್ಸಲ ಬೆಟ್ಟ ಅತ್ತಾಳಾ, ಅದೊಂದು ಏಳ್ಬುಡಿ."

ಮಾವ ಕಾಲನ್ನು ಮಡಚಿ ಎತ್ತಿಕೊಂಡರು. ಗೌರಿ ನಡುಗಿದಳು. "ಇರು ಕಣ್ಣು, ಇರು," ಎಂದು ಮಾದಪ್ಪ ತಮಿಳರ ಹಾಗೆ ಮುದ್ದು ಮಾಡುತ್ತ ಕತ್ತು ಸವರಿದರು. ಗೊರಸಿನ ಅಡಿಯಲ್ಲಿ, ಹಿಮ್ಮಡಿಯಿಂದ ಮುಂದಕ್ಕೆ ಚೂಪಾಗುವ ಮುಕ್ಕೋನದ ಮೆತ್ತನೆಯ ದಿಂಡೊಂದು ಇರಬೇಕಿತ್ತಂತೆ. ಅಲ್ಲಿ ಇದ್ದದ್ದು ರಕ್ತ ಒಸರುವ, ನಾರುವ ಕಾಲುವೆ.

"ಯಾರು ಕೊಯ್ದೋರು?"

"ನಾನೇ ಸಾ," ಎಂದರು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ ಪುಟ್ಟಸ್ವಾಮಿ. ಎತ್ತುಗಳಿಗೆ ಲಾಳ ಕಟ್ಟುವುದು ಅವರ ಕಸುಬು. ಜಟಕಾಗಳು ಹೋದ ಮೇಲೆ ಕುದುರೆಗೆ ಲಾಳ ಕಟ್ಟುವವರು ಈ ಕಡೆ ಉಳಿದಿಲ್ಲ. "ಎತ್ತಿನ ಗೊರ್ಸು ಸೀಳಿರ್ತದೆ. ಇವ್ಳದ್ರಲ್ಲಿ ಸೀಳೇ ಇರ್ನಿಲ್ಲ. ಏನೋ ಬೆಳ್ಕಂಡು ಮುಚ್ಕಂಡದೆ ಅನ್ಕಂಡು ಲಾಳ ಕಟ್ಟಕ್ ಮುಂಚೆ ಬುಡಿಸ್ದೆ."

ನನಗೆ ತಡೆಯಲಾಗಲಿಲ್ಲ. "ಲಾಳ ಯಾಕೆ ಬೇಕಿತ್ತು? ಕಾಡುಕುದುರೆಗೆ ಯಾರು ಕಟ್ತಾರೆ?"

"ಕಾಡ್ಕುದ್ರೆ ಸಿಮೆಂಟ್ ಮೂಟೆ ಒರ್ತದಾ? ಚಪ್ಲಿ ಬುಟ್ಟು ಆ ಕಲ್ಲಾದೀಲಿ ಒಂದ್ ಗಳ್ಗೆ ನಡ್ದು ಬಾ ಮಗ, ಆಮ್ಯಾಕೆ ಮಾತಾಡವಾ," ಎಂದರು ಪುಟ್ಟಸ್ವಾಮಿ.

ಮಾವ ನಕ್ಕರು. ಆ ವಾದದಲ್ಲಿ ನಾನು ಸೋತೆ ಎಂದೇ ಬರೆಯುತ್ತೇನೆ.

ಗಾಯ ತೊಳೆದು ಪಟ್ಟಿ ಕಟ್ಟುತ್ತಲೇ ಮಾವ ವಿವರಿಸಿದರು. ಹೊರಗೋಡೆ ನಮ್ಮ ಉಗುರಿನ ಹಾಗೆ, ಅದಕ್ಕೆ ನೋವಿಲ್ಲ. ಜನ ಹೇಳುವುದರಲ್ಲಿ ಅಷ್ಟು ನಿಜ. ಆದರೆ ಗೋಡೆಯೊಳಗೆ ಒಂದು ಮೂಳೆ ಇದೆ. ಅಣಬೆಯ ಅಡಿಯಲ್ಲಿರುವಂಥ ತೆಳು ಪದರಗಳು, ಗೋಡೆಯವು ಮತ್ತು ಮೂಳೆಯ ಕಡೆಯವು, ಒಂದರೊಳಗೊಂದು ಹೆಣೆದುಕೊಂಡು ಆ ಮೂಳೆಯನ್ನು ತೂಗಿ ಹಿಡಿದಿವೆ. ಒಳಗಿನ ಪದರಗಳಲ್ಲಿ ನರ, ರಕ್ತ ಎಲ್ಲ ಉಂಟು. ಕಾಲೂರಿದಾಗ ಹಿಮ್ಮಡಿಯ ಆ ಮೆತ್ತನೆ ದಿಂಡು ನೆಲಕ್ಕೆ ಒತ್ತಿ, ಭಾರವನ್ನು ತಾಳಿಕೊಂಡು, ರಕ್ತ ಮೇಲಕ್ಕೆ ಹೋಗಲು ನೆರವಾಗುತ್ತದೆ. ಪುಟ್ಟಸ್ವಾಮಿ ಸೀಳು ಹುಡುಕುತ್ತ ಕೊರೆದದ್ದು ಅದನ್ನೇ.

"ಮತ್ತೆ ಬೆಳೀತದಾ ಸಾ?" ಮಾದಪ್ಪ ಕೇಳಿದರು.

"ಬೆಳೀತದೆ, ತಿಂಗಳುಗಟ್ಟಲೆ ಬೇಕು. ಕೀವು ಒಳಕ್ಕೆ ಇಳಿದಿಲ್ಲ ಅಂದ್ರೆ ಬೆಟ್ಟ ಹತ್ತುತಾಳೆ. ಇಳಿದಿದ್ರೆ ನನ್ನ ಕೈಲೂ ಇಲ್ಲ. ಒಣ ನೆಲದ ಮೇಲೆ ನಿಲ್ಸಿ, ಪಟ್ಟಿ ನೆನೆಯೋಕೆ ಬಿಡ್ಬೇಡಿ."

"ಕೊಡಾಕಿಲ್ಲ ಬುಡಿ. ನಿಂತೇ ಇರ್ಲಿ," ಎಂದರು ಮಾದಪ್ಪ.

ಮಾದಪ್ಪನ ಮನೆಯಲ್ಲಿ ಮುದ್ದೆ, ಹುರುಳಿಕಾಳಿನ ಸಾರು ಉಂಡೆವು. ಪುಟ್ಟಸ್ವಾಮಿ ಒಳಗೆ ಬರಲಿಲ್ಲ. ಗೌರಿಯ ಬಳಿ ಒದ್ದೆ ಹುಲ್ಲು ತೆಗೆದು ಒಣ ಮರಳು ಹರಡುತ್ತಿದ್ದರು. ಸಂಜೆಯ ಬಸ್ಸಿಗೆ ಹೊರಟು ಅವರ ಹತ್ತಿರ ಹೋದಾಗ ಗೌರಿಯ ಕಾಲುಗಳ ಮೇಲೆ ಕೂದಲು ಸವೆದ ಗೆರೆಗಳು ಕಂಡವು. ನಾಲ್ಕರಲ್ಲೂ. ಏನಿದು ಎಂದೆ.

"ಅಗ್ಗ ಬಿಗ್ದ ಗುರ್ತು ಮಗ. ಎತ್ತು ಕೆಡವ್ದಂಗೆ ಕೆಡವಿ ನಾಕೂ ಕಾಲು ಸೇರ್ಸಿ ಬಿಗ್ದಿದ್ವಿ, ಮಾದಪ್ಪ ತಲೆ ಒತ್ತಿ ಇಡ್ಕಂಡಿದ್ದ." ಅವರು ಮರಳು ಸಮ ಮಾಡುತ್ತಲೇ ಇದ್ದರು. "ನೋವಾಯ್ತದೆ ಅಂತ ನಂಗೆಂಗೆ ಗೊತ್ತಾಗ್ಬೇಕು? ಕೊಯ್ವಾಗ ಒಸಿನೂ ಅಲ್ಲಾಡ್ನಿಲ್ಲ ಅವ್ಳು."

ಬಸ್ಸು ಹಾರನ್ ಹೊಡೆಯಿತು. ಮಾವ ನನ್ನ ತೋಳು ಹಿಡಿದರು, ಆದರೂ ಕೇಳಿದೆ:

"ಅಲ್ಲಾಡ್ನಿಲ್ವೋ, ಇಲ್ಲ ಅಲ್ಲಾಡಕೆ ನೀವು ಬಿಡ್ನಿಲ್ವೋ, ಪುಟ್ಟಸ್ವಾಮಣ್ಣ?"